ಮಸಿಯ ಐದನೇ ಮರಿ

ಇಸ್ತ್ರಿ ಅಂಗಡಿಯ ಕಿರಿಸೊಸೆ ಹಿಡಿದ ಕೆಲಸ ಮುಗಿಸುವವಳಲ್ಲ ಎಂಬುದು ಬೀದಿಗೆಲ್ಲ ಗೊತ್ತಿದ್ದ ಮಾತು. ಅವಳು ಹೆಣೆದ ಸ್ವೆಟರಿಗೆ ಒಂದೇ ತೋಳು. ಕಲಿಯಹೊರಟ ಸ್ಕೂಟರು ಗೇಟಿಗೆ ಗುದ್ದಿದ ದಿನವೇ ಮೂಲೆ ಸೇರಿತ್ತು. "ನಮ್ಮ ಕಿರಿಯವಳು ಬರೀ ಆರಂಭಶೂರಿ" ಎಂದು ಅತ್ತೆ ಗಿರಾಕಿಗಳ ಮುಂದೆಯೇ ಹೇಳಿ ನಗುತ್ತಿದ್ದರು. ಅವಳೂ ನಕ್ಕುಬಿಡುತ್ತಿದ್ದಳು. ನಕ್ಕರೂ ಒಳಗೆಲ್ಲೋ ಚುರುಕ್ ಎನ್ನುತ್ತಿತ್ತು.

ಅಂಗಡಿಯಲ್ಲೇ ಬೆಳೆದ ನಾಯಿ ಮಸಿ; ಮೂಗಿನಿಂದ ಬಾಲದವರೆಗೂ ಕಪ್ಪು. ಅದಕ್ಕೆ ಗಬ್ಬ ನಿಂತಾಗ ಮೇಜಿನ ಕೆಳಗೆ ಮರದ ಪೆಟ್ಟಿಗೆ ಇಟ್ಟು, ಹಳೇ ಚಾದರ ಹಾಸಿದವಳು ಕಿರಿಸೊಸೆಯೇ. ಒಂದು ಬೆಳಿಗ್ಗೆ ಷಟರ್ ಎತ್ತಿ ಬಗ್ಗಿ ನೋಡಿದರೆ, ನಾಲ್ಕು ಮರಿಗಳು ತಾಯಿಯ ಹೊಟ್ಟೆಗೆ ಅಂಟಿಕೊಂಡು ಚೀಪುತ್ತಿದ್ದವು. ಕಣ್ಣು ಮುಚ್ಚಿತ್ತು, ಕಿವಿ ಮಡಚಿತ್ತು, ಬಾಯಿ ಮಾತ್ರ ಪೂರಾ ಎಚ್ಚರ. ಐದನೆಯದು ದೂರದ ಮೂಲೆಯಲ್ಲಿ ಒಂಟಿಯಾಗಿ ಬಿದ್ದಿತ್ತು. ಇಲಿಯಷ್ಟು ಗಾತ್ರ. ಮುಟ್ಟಿದರೆ ಕಲ್ಲಿನ ಹಾಗೆ ತಣ್ಣಗೆ.

"ಹೆತ್ತವಳೇ ಬೇಡ ಅಂತ ತಳ್ಳಿದಾಳೆ. ಅದರ ಋಣ ಇಷ್ಟೇ," ಎಂದರು ಅತ್ತೆ. "ಬಿಡು, ಗಂಟು ಬಿಚ್ಚು. ಬಟ್ಟೆ ರಾಶಿ ಬಿದ್ದಿದೆ."

ಅವಳು ಮರಿಯನ್ನು ಅಂಗೈಗೆ ಎತ್ತಿಕೊಂಡಳು. ಅದು ಸದ್ದಿಲ್ಲದೆ ಬಾಯಿ ತೆರೆದು ಮುಚ್ಚಿತು.

"ಅತ್ತೆ, ಜೀವ ಇದೆ! ಸ್ವಲ್ಪ ಹಾಲು ಹಾಕಿಬಿಡ್ತೀನಿ."

"ತಡಿಯೇ ಮಾರಾಯ್ತಿ," ಎಂದಳು ಹಿರಿಸೊಸೆ, ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು. "ಪ್ರಾಣಿ ಡಾಕ್ಟರನ್ನ ಒಂದು ಮಾತು ಕೇಳು. ಅವರ ಬಿಳಿ ಕೋಟು ಇಲ್ಲೇ ಇದೆ, ಹೇಗೂ ಫೋನ್ ಮಾಡ್ಬೇಕಿತ್ತು."

ಡಾಕ್ಟರಮ್ಮ ಫೋನಿನಲ್ಲಿ ಕೇಳಿದ ಕೂಡಲೇ ಅಂದರು: "ಈಗ್ಲೇ ಹಾಲು ಬೇಡಮ್ಮ. ತಣ್ಣಗಿರೋ ಮೈಗೆ ಹಾಲು ಅರಗಲ್ಲ. ಮೊದಲು ಬೆಚ್ಚಗೆ ಮಾಡಿ, ಆದ್ರೆ ನಿಧಾನ. ಆಮೇಲೆ ಬನ್ನಿ, ಮರಿಗಳ ಹಾಲಿನ ಪುಡಿ ಕೊಡ್ತೀನಿ."

ಬೆಚ್ಚಗೆ ಮಾಡುವುದಕ್ಕೆ ಇಸ್ತ್ರಿ ಅಂಗಡಿಯಲ್ಲಿ ಏನು ಬರ? ಕಿರಿಸೊಸೆ ಟವೆಲಿನ ಮೇಲೆ ಇಸ್ತ್ರಿ ಆಡಿಸಿ, ತನ್ನ ಕೆನ್ನೆಗೆ ಒತ್ತಿ ಹದ ನೋಡಿ, ಮರಿಯನ್ನು ಸುತ್ತಿ ಎದೆಗೆ ಅವಚಿಕೊಂಡಳು. ಒಂದು ಟವೆಲು ಆರುವಷ್ಟರಲ್ಲಿ ಇನ್ನೊಂದು. ಎಡಗೈಯಲ್ಲಿ ಮರಿ, ಬಲಗೈಯಲ್ಲಿ ಗಿರಾಕಿಗಳ ಪ್ಯಾಂಟು. ಮಧ್ಯಾಹ್ನದ ಹೊತ್ತಿಗೆ ಎದೆಯ ಹತ್ತಿರ ಏನೋ ಕುಂಯ್ ಎಂದಿತು. ಕಾಲುಗಳು ಪುಟುಪುಟು ಒದ್ದವು.

"ಚಿಟಿಕೆಯಷ್ಟಿದೆ, ಒದೆತ ನೋಡು!" ಎಂದಳು ಹಿರಿಸೊಸೆ. ಮರಿಗೆ ಚಿಟಿಕೆ ಎಂಬ ಹೆಸರೇ ನಿಂತಿತು.

ಬೆಚ್ಚಗಾದ ಮರಿಯನ್ನು ಮಸಿ ನೆಕ್ಕಿತು, ಪಕ್ಕದಲ್ಲಿ ಮಲಗಲೂ ಬಿಟ್ಟಿತು. ಆದರೆ ಚಿಟಿಕೆಗೆ ಚೀಪುವ ಶಕ್ತಿಯಿರಲಿಲ್ಲ. ಅಣ್ಣಂದಿರು ಹತ್ತಿ ತುಳಿದು ಮುಂದೆ ಹೋಗುತ್ತಿದ್ದರು. ಹಾಗಾಗಿ ಡಾಕ್ಟರಮ್ಮನಿಂದ ತಂದ ಪುಡಿಯ ಹಾಲು ಕಲಸಿ, ಹಗಲೂ ಇರುಳೂ ಹೊತ್ತುಹೊತ್ತಿಗೆ ಡ್ರಾಪರಿನಲ್ಲಿ ಕುಡಿಸುವುದು ಕಿರಿಸೊಸೆಯ ಪಾಲಿಗೆ ಬಂತು. ಅತ್ತೆ ಹಿರಿಸೊಸೆಯ ಕಿವಿಯಲ್ಲಿ, "ನಾಡಿದ್ದಿಗೆಲ್ಲ ಈ ಕೆಲಸ ನಿನ್ನ ತಲೆಗೇ ಬರುತ್ತೆ ನೋಡು," ಎಂದದ್ದು ಕಿರಿಯವಳಿಗೂ ಕೇಳಿಸಿತು.

ಕೇಳಿಸಿದ ಸ್ವಲ್ಪ ಹೊತ್ತಿಗೇ ಎಡವಟ್ಟಾಯಿತು. ಕೂಸನ್ನು ಹಿಡಿದಂತೆ ಅಂಗಾತ ಹಿಡಿದು ಕುಡಿಸುತ್ತಿದ್ದಳು. ಹಾಲು ಮೂಗಿನಿಂದ ಉಕ್ಕಿ, ಮರಿ ಉಸಿರು ಸಿಕ್ಕಿಕೊಂಡು ಒದ್ದಾಡಿತು. ಅವಳು ಕೂಗಿಕೊಂಡು ಅದನ್ನು ತಲೆಕೆಳಗಾಗಿ ಬಾಗಿಸಿ, ಮೂಗು ಒರೆಸಿದಳು. ಸಣ್ಣ ಸೀನು. ಮತ್ತೊಂದು. ಉಸಿರು ಬಂತು. ಅವಳು ಮರಿಯನ್ನು ಹಿರಿಸೊಸೆಯ ಮಡಿಲಿಗೆ ಹಾಕಿ, ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತಳು.

"ನನ್ನ ಕೈಲಾಗಲ್ಲ ಅಕ್ಕ. ನಾನೇ ಕೊಂದುಬಿಡ್ತಿದ್ದೆ."

ಹಿರಿಸೊಸೆ ಮರಿಯನ್ನು ಎತ್ತಿಕೊಂಡು ಬಂದು ಪಕ್ಕದಲ್ಲೇ ಕೂತಳು. ಮರಿ ಅವಳ ಮಡಿಲಲ್ಲಿ ತಲೆಯಾಡಿಸಿ, ಸೀರೆಯ ನೆರಿಗೆಯನ್ನೇ ಚೀಪಲು ಹುಡುಕಿತು. ಅದಕ್ಕೆ ಇನ್ನೂ ಹಸಿವಿತ್ತು. ಕಿರಿಸೊಸೆ ಕಣ್ಣೊರೆಸಿಕೊಂಡು ಎದ್ದಳು, ಟವೆಲಿನಲ್ಲಿ ಮರಿಯನ್ನು ಸುತ್ತಿಕೊಂಡು ಡಾಕ್ಟರಮ್ಮನ ಹತ್ತಿರ ಓಡಿದಳು.

ಡಾಕ್ಟರಮ್ಮ ಮರಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, "ಎದೆ ಚೆನ್ನಾಗಿದೆ. ನಾಯಿಮರಿ ಬೋರಲಾಗೇ ಕುಡಿಯೋದು ಕಣಮ್ಮ. ಹೀಗೆ ಹೊಟ್ಟೆ ಮೇಲೆ ಮಲಗಿಸಿ, ಹನಿ ಹನಿಯಾಗಿ ಕೊಡಿ. ಕುಡಿದ ಮೇಲೆ ಒದ್ದೆ ಹತ್ತಿಯಿಂದ ಕೆಳಗೆ ಮೆಲ್ಲಗೆ ಒರೆಸಬೇಕು, ತಾಯಿ ನೆಕ್ಕೋ ಹಾಗೆ. ಇಲ್ಲದಿದ್ರೆ ಉಚ್ಚೆ ಹೋಗಕ್ಕೆ ಬರಲ್ಲ ಇವಕ್ಕೆ," ಎಂದು ತೋರಿಸಿಕೊಟ್ಟರು.

ಅಂಗಡಿಗೆ ಬಂದು ಮೇಜಿನ ತುದಿಯಲ್ಲೇ ಬೋರಲು ಮಲಗಿಸಿ ಕುಡಿಸಿದಳು. ಒಂದು ಹನಿಯೂ ಮೂಗಿಗೆ ಬರಲಿಲ್ಲ. ಹತ್ತಿಯಿಂದ ಒರೆಸಿದಳು, ಮತ್ತೆ ಒರೆಸಿದಳು. ಇದ್ದಕ್ಕಿದ್ದಂತೆ ಬೆಚ್ಚನೆಯ ಧಾರೆ ಚಿಮ್ಮಿ, ಅತ್ತೆ ಆಗತಾನೆ ಗೆರೆ ಕೂರಿಸಿ ಮಡಚಿಟ್ಟ ಬಿಳಿ ಅಂಗಿಯ ಮೇಲೆ ಬಿತ್ತು.

"ಹುಯ್ತು! ಅಕ್ಕ, ಹುಯ್ತು!" ಎಂದು ಕಿರಿಸೊಸೆ ಕುಣಿದಳು.

"ಅಯ್ಯೋ, ನನ್ನ ಅಂಗಿ!" ಎಂದು ಅತ್ತೆ ಕೈಯೆತ್ತಿದರು. ಸೊಸೆಯ ಮುಖ ನೋಡಿ ಕೈ ಅರ್ಧಕ್ಕೇ ನಿಂತಿತು, ನಗು ತಡೆಯಲಾಗಲಿಲ್ಲ. "ಒಗೀತೀನಿ ಬಿಡು. ಬದುಕೋ ಲಕ್ಷಣ ಇದು."

ನಾಡಿದ್ದು ಬಂತು, ಹೋಯಿತು. ಡ್ರಾಪರು ಕಿರಿಸೊಸೆಯ ಕೈಬಿಡಲಿಲ್ಲ. ಕಣ್ಣು ಕೆಂಪಾಗಿ, ಕೂದಲು ಕೆದರಿ, ನಿಂತಲ್ಲೇ ತೂಕಡಿಸಿದಳು. ಹೊತ್ತು ಮಾತ್ರ ತಪ್ಪಿಸಲಿಲ್ಲ. ಪ್ರತಿ ಸಲವೂ ಹಾಲು ಕೊಡುವ ಮೊದಲು ಚಿಟಿಕೆಯ ಬಾಯನ್ನು ಮಸಿಯ ಮೊಲೆಗೆ ಹಿಡಿದು ನೋಡುತ್ತಿದ್ದಳು. ಪ್ರತಿ ಸಲವೂ ಅದು ಜಾರಿ ಬೀಳುತ್ತಿತ್ತು.

ಒಂದು ಬೆಳಿಗ್ಗೆ ಜಾರಲಿಲ್ಲ. ಕಚ್ಚಿಕೊಂಡಿತು! ಎಲ್ಲಕ್ಕಿಂತ ದಪ್ಪನೆಯ ಅಣ್ಣ ಉರುಳಿಕೊಂಡು ಬಂದು ಗುದ್ದಿದ. ಚಿಟಿಕೆ ಮುಂಗಾಲೂರಿ, ಹಿಂಗಾಲಿನಲ್ಲಿ ಅವನ ಮೂತಿಗೇ ಒದ್ದು, ಬಿಡದೆ ಚಪಚಪ ಚೀಪಿತು. ದಪ್ಪಣ್ಣ ಮಗುಚಿ ಬಿದ್ದ.

"ಅತ್ತೆ! ಬನ್ನಿ, ಬೇಗ ಬನ್ನಿ!"

ಅತ್ತೆ ಸೊಂಟ ಹಿಡಿದುಕೊಂಡು ನೆಲಕ್ಕೆ ಕೂತು ಬಗ್ಗಿದರು. ಹಿರಿಸೊಸೆಯೂ ಬಗ್ಗಿದಳು. ಅಂಗಿ ಒಯ್ಯಲು ಬಂದ ಗಿರಾಕಿ ಯಾರೂ ಕಾಣದೆ, ಮೇಜಿನ ಕೆಳಗೆ ಮೂರು ಬೆನ್ನು ಕಂಡು ತಾನೂ ಬಗ್ಗಿದ. ಚಿಟಿಕೆಯ ಹೊಟ್ಟೆ ಎಲ್ಲರ ಕಣ್ಣೆದುರೇ ಉಬ್ಬುತ್ತಿತ್ತು.

ಅತ್ತೆ ಸೊಸೆಯ ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದರು. "ಗೆದ್ದೆ ಕಣೆ," ಎಂದರು. "ಹೋಗಿ ಮಲಗು. ಇವತ್ತಿನ ಬಟ್ಟೆ ಗಂಟುಗಳನ್ನೆಲ್ಲ ನಾನು ನೋಡ್ಕೋತೀನಿ."

"ಎಲ್ಲಿ ಮಲಗೋದು ಅತ್ತೆ? ಇದನ್ನ ನೋಡ್ಬೇಡ್ವಾ?" ಎಂದು ಅವಳು ಪೆಟ್ಟಿಗೆಯ ಅಂಚಿಗೆ ಗಲ್ಲವಿಟ್ಟು ಅಲ್ಲೇ ಕೂತಳು.

ಕಣ್ಣು ಬಿಟ್ಟದ್ದು ಚಿಟಿಕೆ ಕೊನೆಗೆ. ಪೆಟ್ಟಿಗೆಯ ಗೋಡೆ ಹತ್ತಿ ಹೊರಗೆ ಬಿದ್ದದ್ದು ಮಾತ್ರ ಎಲ್ಲರಿಗಿಂತ ಮೊದಲು. ಬಿದ್ದದ್ದೇ ಮೈ ಕೊಡವಿ, ಓಲಾಡುತ್ತಾ ಅಂಗಡಿಯ ಉದ್ದಕ್ಕೂ ನಡೆದು, ಬೀದಿಯ ಕಡೆ ಮುಖ ಮಾಡಿ ಜೀವನದ ಮೊದಲ ಬೊಗಳು ಬೊಗಳಿತು. ಎದುರುಗಡೆಯ ಅಂಗಡಿಯವರೆಗೂ ಕೇಳಿಸಿತು.