ಸುಲೈಮಾನನ ಗಳಿಗೆಯಲ್ಲಿ ಹಚ್ಚಿದ ದೀಪ

ನಮ್ಮ ಸನಾ ಊರಿಗೆ ಕರೆಂಟು ನೆಂಟನ ಹಾಗೆ ಬಂದುಹೋಗುತ್ತಿದ್ದ ವರ್ಷ ಅದು. ನನ್ನ ನೆರೆಯವನು ಮುತಹ್ಹರ್ ಸುಟ್ಟುಹೋದ ಸಿಎಫ್ಎಲ್ ಬಲ್ಬುಗಳ ಬೆನ್ನು ಬಿದ್ದ. ಬುಡ ಒಡೆದು, ಕೆಟ್ಟ ಸರ್ಕೀಟು ಬಿಸಾಕಿ, ಇನ್ನೂ ಜೀವವಿದ್ದ ಕೊಳವೆಯನ್ನು ತಾನೇ ಸುತ್ತಿದ ಕಾಯಿಲ್ ಮೂಲಕ ಬೈಕಿನ ಬ್ಯಾಟರಿಗೆ ಜೋಡಿಸುತ್ತಿದ್ದ. ಹೆಚ್ಚಿನವು ಅವನ ಬೆರಳಿಗೆ ಷಾಕ್ ಕೊಟ್ಟು ಸುಮ್ಮನಾದವು. ಒಂದು ಉರಿದದ್ದೇ ತಡ, ಸೂರ್ಯನನ್ನು ತಾನೇ ಹೆತ್ತವನಂತೆ ಓಣಿ ತುಂಬ ಓಡಾಡಿದ.

ಆಗಲೇ ಘಾಲಿಬ್ ಎಂಬ ಹಿರಿಯ ತನ್ನ ಮಗನಿಗೆ ಮುತಹ್ಹರನ ಮಗಳು ಅರ್ವಾಳನ್ನು ಕೇಳಿಕೊಂಡು ಬಂದ. ಆ ಸಂಜೆಯೇ ಮಾತು ಕೊಡಬೇಕು. ಅರ್ವಾ ಕೇಳಿದ್ದು ಒಂದೇ: "ಅಪ್ಪಾ, ಅವ್ರು ಎಂಥ ಜನ?"

"ಕೊಡುಗೈ ಮನೆತನ ಕಣಮ್ಮ. ಕಣ್ಣು ಮುಚ್ಕೊಂಡು ಒಪ್ಕೋ."

ನಮ್ಮ ಕಡೆಯ ರೂಢಿಯಂತೆ ಮಧ್ಯಾಹ್ನವೆಲ್ಲ ಒಟ್ಟಿಗೆ ಕೂತು, ಹದವಾಗಿ ಮತ್ತೇರಿಸುವ ಖಾತ್ ಸೊಪ್ಪು ಜಗಿದೆವು. ಬೀಗನಾಗುವವನೆಂದು ಮುತಹ್ಹರ್ ಎಳೆಯ ಕುಡಿಗಳ ದುಬಾರಿ ಕಟ್ಟುಗಳನ್ನೇ ತರಿಸಿದ್ದ. "ನಂಗೆ ಇಷ್ಟೆಲ್ಲ ಯಾಕಪ್ಪ, ನಾಲ್ಕು ಎಲೆ ಸಾಕು" ಎಂದು ಘಾಲಿಬ್ ಕೈಮುಗಿಯುವಷ್ಟು ವಿನಯ ತೋರಿಸಿದ.

ಹೊತ್ತು ಮುಳುಗಿತು. ಮಾತು ತಾನಾಗಿ ನಿಂತು, ಎಲ್ಲರೂ ತಮ್ಮೊಳಗೆ ಇಳಿಯುವ ಹೊತ್ತು ಅದು. ನಾವು ಅದನ್ನು ಸುಲೈಮಾನನ ಗಳಿಗೆ ಎನ್ನುತ್ತೇವೆ. ಕರೆಂಟು ಇದ್ದರೂ ಆಗ ಯಾರೂ ದೀಪ ಹಚ್ಚುವುದಿಲ್ಲ. ಆದರೆ ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನಿಗೆ ಬಂದದ್ದು ಬೆಳಕು, ಬಿಡುತ್ತಾನೆಯೇ?

"ನೋಡಿ ಹಿರಿಯರೇ, ನನ್ನ ಕೈಕೆಲಸ" ಎಂದು ತಂತಿ ತಾಗಿಸಿದ.

ಕೊಳವೆ ಎರಡು ಸಲ ಮಿಟುಕಿ ಬೆಳ್ಳಗೆ ಉರಿಯಿತು. ಘಾಲಿಬ್ ದಿಂಬಿನ ಹಿಂದೆ ಬಗ್ಗಿದ್ದ. ಒಂದು ಕಟ್ಟು ಆಗಲೇ ಅವನ ಕೋಟಿನ ಜೇಬಿನಲ್ಲಿತ್ತು, ಇನ್ನೊಂದು ಶಾಲಿನೊಳಗೆ ಅರ್ಧ ಹೋಗಿತ್ತು. ಪಕ್ಕದಲ್ಲಿ ಕೂತಿದ್ದ ನನ್ನ ಪಾಲಿನ ಕಟ್ಟು ಕೂಡ ಅವನ ಮಡಿಲಲ್ಲೇ ಇತ್ತು. ನನಗೆ ಮೈ ಉರಿಯಿತು.

ಮುತಹ್ಹರ್ ಎಲ್ಲವನ್ನೂ ನೋಡಿದ. ನೋಡಿದವನು ಏನು ಮಾಡಬೇಕು? ಆ ಮಹಾನುಭಾವ ಸರಕ್ಕನೆ ತಂತಿ ಕಿತ್ತ.

"ಬ್ಯಾಟರಿ ಹೋಯ್ತು ಹಾಳಾದ್ದು" ಎಂದು ಕತ್ತಲಲ್ಲಿ ನಕ್ಕ. "ಇರ್ಲಿ ಬಿಡಿ. ನಾವು ಮಾತು ಮುಗಿಸೋಣ. ಮಗಳನ್ನ ನಿಮ್ಮನೆಗೆ..."

ಬಾಗಿಲ ಪರದೆಯ ಹಿಂದೆ ಟೀ ಲೋಟಗಳು ಸದ್ದು ಮಾಡಿದವು. ದೀಪ ಹತ್ತುವ ಮೊದಲಿನಿಂದಲೂ ತಟ್ಟೆ ಹಿಡಿದು ಅಲ್ಲೇ ನಿಂತಿದ್ದ ಅರ್ವಾ ಮೆಲ್ಲಗೆ ಹೇಳಿದಳು:

"ಬ್ಯಾಟರಿ ಚೆನ್ನಾಗಿದೆ ಅಪ್ಪಾ, ಬೆಳಿಗ್ಗೆ ನಾನೇ ಚಾರ್ಜ್ ಮಾಡಿಸ್ಕೊಂಡು ಬಂದಿದ್ದು. ಇನ್ನೊಂದ್ಸಲ ಹಚ್ಚಿ. ಯಾರ ಮನೆಗೆ ಅಂತ ಸರಿಯಾಗಿ ನೋಡ್ತೀನಿ."