ಒಳಗಿನ ಮಷೀನು

"ಇನ್ನೂ ಪಕ್ಕಕ್ಕೆ ಎತ್ರಪ್ಪಾ, ಇನ್ನೂ ಪಕ್ಕಕ್ಕೆ!" ಎಂದು ಅಬ್ದುಲ್ ರಶೀದ್ ಕೂಗಿದ. ನಾಲ್ಕು ಜನ ಸೇರಿ ರಾಜ್‌ದೂತ್ ಬೈಕನ್ನು ಗೇಟಿನಿಂದ ಗೋಡೆಯ ಕಡೆಗೆ ಎತ್ತಿಟ್ಟರು. ಅದಕ್ಕೆ ಮುಂದಿನ ಚಕ್ರವೇ ಇರಲಿಲ್ಲ. ತನ್ನ ಗಾಡಿ ಸತ್ತವನ ದಾರಿಗೆ ಅಡ್ಡ ನಿಂತಿತಲ್ಲ ಎಂದು ಕಡಬದ ಚಿಕ್ಕರಂಗಯ್ಯ ನಾಚಿಕೆಯಿಂದ ಕುಗ್ಗಿಹೋದ. ದಾರಿ ಬಿಟ್ಟ ಮೇಲೆ ಖುರ್ಷಿದ್ ಪಾಷಾನ ಜನಾಜ ಸದಾಶಿವನಗರದ ಆ ಬಾಡಿಗೆ ಮನೆಯಿಂದ ಹೊರಟಿತು.

ಮನೆಯಂಗಳದಲ್ಲೇ ಬೈಕುಗಳ ಟೈರು ಬದಲಾಯಿಸಿ ಬದುಕಿದವನು ಪಾಷಾ. ನಿನ್ನೆ ಸಂಜೆ ಚಿಕ್ಕರಂಗಯ್ಯನ ಚಕ್ರಕ್ಕೆ ಹೊಸ ಟೈರು ಕೂತ ಮೇಲೆ ಟೀ ಕೇಳಿದ. ಟೀ ಬರುವಷ್ಟರಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಜೀವಮಾನವೆಲ್ಲ ಬಾಯಿಗೆ ಬಿಡುವು ಕೊಡದವನು ಹೋಗುವಾಗ ಒಂದು ಮಾತೂ ಆಡಲಿಲ್ಲ.

"ನಾಲ್ಕು ತಿಂಗಳು ಹತ್ತು ದಿನ, ಇದ್ದತ್ ಮುಗಿಯೋ ತನಕ ಭಾಬಿ ಮನೆಯಿಂದ ಆಚೆ ಬರೋ ಹಂಗಿಲ್ಲ. ಅದಾದ್ಮೇಲೆ ನಮ್ಮ ಕುಣಿಗಲ್‌ಗೇ ಕರ್ಕೊಂಡು ಹೋಗ್ತೀನಿ," ಎಂದು ರಶೀದ್ ನಡೆಯುತ್ತ ಹೇಳಿದ. ಅವನು ಪಾಷಾನ ತಮ್ಮ. "ಮಕ್ಕಳಿಲ್ಲ. ಒಬ್ಬರನ್ನೇ ಹೆಂಗೆ ಬಿಡ್ಲಿ ರಂಗಯ್ಯನೋರೆ? ಚಕ್ರದ ಭಾರ ಸಮ ಮಾಡೋ ಆ ಬ್ಯಾಲೆನ್ಸ್ ಮಷೀನು ಮಾರಿ ಅವರ ಹೆಸರಲ್ಲೇ ಬ್ಯಾಂಕಿಗೆ ಹಾಕ್ತೀನಿ."

"ಬೊಂಬಾಯಿ ಮಷೀನಂತಲ್ಲ ಸಾಬ್ರೇ? ನಾನಂತೂ ಕಣ್ಣಲ್ಲಿ ಕಂಡಿಲ್ಲ. ಚಕ್ರ ಒಳೀಕ್ ಹೋಗದು, ಆಚೀಕ್ ಬರದು, ಅಷ್ಟೇಯ."

"ನಾನೂ ನೋಡಿಲ್ಲ. ಕೇಳಿದ್ರೆ ಅಣ್ಣ ನಗ್ತಿದ್ದ."

*

ಎಂಟು ವರ್ಷದ ಹಿಂದೆ, ಎಪ್ಪತ್ತೈದರಲ್ಲಿ, ಸತ್ಯಮಂಗಲದ ಗ್ಯಾರೇಜು ಬಿಟ್ಟು ಪಾಷಾ ಮನೆಯಲ್ಲೇ ಕೆಲಸ ಶುರುಮಾಡಿದ್ದ. ಟೈರು ಬಿಚ್ಚುವುದರಲ್ಲಿ ಅವನ ಕೈ ಬಲು ಚುರುಕು, ಆದರೆ ತಾಳ್ಮೆ ಅವನ ಹತ್ತಿರ ಸುಳಿದಿರಲಿಲ್ಲ. ಒಂದು ದಿನ ಗುಬ್ಬಿಯ ಮೇಷ್ಟ್ರೊಬ್ಬರು ವಾಪಸು ಬಂದು, "ಸ್ಪೀಡಾಗಿ ಹೋದ್ರೆ ಹ್ಯಾಂಡಲ್ ನಡುಗುತ್ತೆ ಕಣಯ್ಯ" ಅಂದರು. ಪಾಷಾ ಚಕ್ರಕ್ಕೆ ಕಂಬಿ ತೂರಿಸಿ, ಎರಡು ಸ್ಟೂಲುಗಳ ಮೇಲಿಟ್ಟು ತಿರುಗಿಸಿದ. ಅದು ನಿಲ್ಲುವ ಮೊದಲೇ, "ಸರಿಯಾಗೇ ಇದೆ" ಎಂದು ಎದ್ದ.

"ನಿಲ್ಲೋ ತನಕ ನೋಡ್ರಿ," ಎಂದಳು ಅಕ್ಕಿ ಆರಿಸುತ್ತಿದ್ದ ಹೆಂಡತಿ ಕುಲ್ಸುಂ ಬೀ. "ಪ್ರತಿ ಸಲ ಅದೇ ಜಾಗ ಕೆಳಗೆ ಬರ್ತಿದೆ. ಅಲ್ಲಿ ಭಾರ ಜಾಸ್ತಿ."

ಎದುರು ಬದಿಯ ಕಡ್ಡಿಗೆ ಅವಳೇ ಸೀಸದ ತಂತಿ ಸುತ್ತಿದಳು, ತಿರುಗಿಸಿ ಕಾದಳು. ಮತ್ತೆ ಸುತ್ತಿದಳು, ಮತ್ತೆ ಕಾದಳು. ಕೊನೆಗೆ ಭಾರ ಸಮವಾಗಿ, ಚಕ್ರ ಒಂದೊಂದು ಸಲ ಒಂದೊಂದು ಕಡೆ ನಿಲ್ಲತೊಡಗಿತು.

ಪಾಷಾ ಬೀದಿಗೆಲ್ಲ ಸಾರಲು ಹೊರಟ. "ಸುಮ್ನಿರಿ! ಹೆಂಗಸು ಮಾಡಿದ್ದು ಅಂದ್ರೆ ಯಾರು ಗಾಡಿ ತರ್ತಾರೆ?" ಎಂದು ಅವಳು ಗದರಿಸಿದಳು. ಅಂದಿನಿಂದ ಅವನು, "ಇನ್ನೂ ಒಳಗೆ ಪಾಸಾಗ್ಬೇಕು" ಎನ್ನುತ್ತ ಚಕ್ರವನ್ನು ಪರದೆಯ ಹಿಂದೆ ಒಯ್ಯುತ್ತಿದ್ದ. ಜನ ಅದನ್ನೇ ಬೊಂಬಾಯಿ ಮಷೀನು ಮಾಡಿದರು. ಅವನೂ ಇಲ್ಲವೆನ್ನಲಿಲ್ಲ, ಭಾರಿ ಖುಷಿಯೇ ಅವನಿಗೆ. ಚಕ್ರ ಹಾಕಿಕೊಟ್ಟ ಮೇಲೆ, "ಎರಡೂ ಕೈ ಬಿಟ್ಟು ಓಡ್ಸಿ ನೋಡಿ!" ಎಂದು ಗಿರಾಕಿಗೆ ಸವಾಲು ಬೇರೆ. ಚಿಕ್ಕರಂಗಯ್ಯ ಮಾತ್ರ, "ಬುಡಿ ಸಾಬ್ರೇ, ಹಲ್ಲು ಉದುರಿಸ್ಕಳ್ಳಕಾ?" ಎಂದು ಒಮ್ಮೆಯೂ ಕೈ ಬಿಟ್ಟವನಲ್ಲ.

*

ಗಂಡಸರೆಲ್ಲ ಖಬರಸ್ತಾನಕ್ಕೆ ಹೋದ ಮೇಲೆ ಕುಲ್ಸುಂ ಬೀ ಕಣ್ಣೊರೆಸಿಕೊಂಡಳು. "ಆ ಚಕ್ರ ಇಲ್ಲಿಗೆ ತಗೊಂಡು ಬಾ," ಎಂದು ಪಕ್ಕದ ಮನೆಯ ಜಮಾಲುನ್ನೀಸಾಗೆ ಹೇಳಿದಳು.

"ಇವತ್ತಾ? ಜನ ಏನಂತಾರೆ ಕಣೇ?"

"ಅರ್ಧ ಕೆಲಸ ಆಗಿದೆ. ಅರ್ಧ ಕೆಲಸ ಮಾಡಿ ಕಳ್ಸಿದ ಮನೆಯಲ್ಲ ಇದು."

ಅವಳು ಸ್ಟೂಲುಗಳನ್ನು ಎಳೆದುಕೊಂಡಳು. ಚಕ್ರ ತಿರುಗಿತು. ಅದು ನಿಲ್ಲುವ ತನಕ ಕಾಯುವಾಗ, ಪಕ್ಕದಲ್ಲಿ ನಿಂತು "ಆಯ್ತಾ? ಆಯ್ತಾ?" ಎಂದು ತಲೆ ತಿನ್ನುವವನು ಇರಲಿಲ್ಲ. ಅವಳಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ತಂತಿ ಸುತ್ತಿದಳು. ಕೈ ಮಾತ್ರ ಎಲ್ಲೂ ತಪ್ಪಲಿಲ್ಲ.

ಗಂಡಸರು ಮಣ್ಣು ಹಾಕಿ ವಾಪಸು ಬಂದರು. ರಶೀದ್ ಪರದೆಯ ಹತ್ತಿರ ನಿಂತು ಮೆಲ್ಲಗೆ ಕೇಳಿದ. "ಭಾಬಿ, ಬೇಜಾರು ಮಾಡ್ಕೋಬೇಡಿ. ಆ ಮಷೀನು ಎಲ್ಲಿದೆ? ಒಳ್ಳೆ ಪಾರ್ಟಿ ಇದ್ದಾನೆ, ಮಾರಿಬಿಡೋಣ."

"ಮಾರೋದಾದ್ರೆ ನನ್ನೇ ಮಾರ್ಬೇಕಾಗುತ್ತೆ ರಶೀದ್ ಭಾಯ್. ಮಷೀನು ನಾನೇ."

ಜಮಾಲುನ್ನೀಸಾ ಪರದೆಯ ಅಂಚು ಎತ್ತಿದಳು. ಎರಡು ಸ್ಟೂಲು, ಒಂದು ಕಂಬಿ, ಚಕ್ರ. ಅಂಗಳದಲ್ಲಿ ಚಿಕ್ಕರಂಗಯ್ಯ ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಮತ್ತೆ ಟೈರು ಬಿಚ್ಚೋದು?" ಎಂದ ರಶೀದ್.

"ಹೋದ ವರ್ಷ ಅವರಿಗೆ ಮೊದಲ ಸಲ ಎದೆ ನೋವು ಬಂದಾಗಿಂದ ಅದೂ ನಾನೇ. ಅವರು ಬರೀ ಮಾತಾಡ್ತಿದ್ರು."

"ಇದ್ದತ್‌ನಲ್ಲಿ ಕೂತ್ಕೊಂಡು ಗಿರಾಕಿ ಮುಂದೆ ಹೆಂಗೆ ಬರ್ತೀರಿ?"

"ಗಿರಾಕಿ ಯಾವತ್ತು ಒಳಗೆ ಬಂದಿದ್ದಾನೆ? ಚಕ್ರ ತಾನೇ ಬರೋದು! ನಾನು ಈ ಮನೆ ಬಿಡಲ್ಲ."

ರಶೀದ್ ಚಿಕ್ಕರಂಗಯ್ಯನ ಕಡೆ ತಿರುಗಿದ. "ನೀವೇ ಹೇಳಿ ರಂಗಯ್ಯನೋರೆ. ಹೆಂಗಸಿನ ಕೆಲಸ ಅಂತ ಗೊತ್ತಾದ್ಮೇಲೆ ಯಾರು ನಂಬಿ ಗಾಡಿ ಬಿಡ್ತಾರೆ? ನೀವು ಬಿಡ್ತೀರಾ?"

ಚಿಕ್ಕರಂಗಯ್ಯ ಎದ್ದ. ಪರದೆಯ ಅಡಿಯಿಂದ ಬಂದ ಚಕ್ರ ತೆಗೆದುಕೊಂಡ. ರಶೀದ್ ಹ್ಯಾಂಡಲ್ ಎತ್ತಿ ಹಿಡಿದ, ಇವನು ಚಕ್ರ ಕೂರಿಸಿ ನಟ್ಟು ಬಿಗಿದ. ಒದ್ದು ಸ್ಟಾರ್ಟ್ ಮಾಡಿ ಬೀದಿಗಿಳಿದ.

ನೆರೆದವರೆಲ್ಲ ಗೇಟಿನಲ್ಲಿ ನಿಂತರು. ಜಮಾಲುನ್ನೀಸಾ ಕಿಟಕಿಗೆ ಮುಖ ಒತ್ತಿದಳು. ಕುಲ್ಸುಂ ಬೀ ಏಳಲಿಲ್ಲ, ಇಂಜಿನ್ನಿನ ಸದ್ದು ಕೇಳುತ್ತ ಕೂತಳು.

ಬೀದಿ ಮುಗಿಯುವಲ್ಲಿ ಇಳಿಜಾರು. ಅಲ್ಲಿ ಚಿಕ್ಕರಂಗಯ್ಯ ನೆಟ್ಟಗೆ ಕೂತು, ಎರಡೂ ಕೈಗಳನ್ನು ಹ್ಯಾಂಡಲಿನಿಂದ ಮೇಲೆತ್ತಿದ. ಗಾಡಿ ಅಲ್ಲಾಡದೆ ನೇರ ಇಳಿಯಿತು.