ಓರೆ ರೆಕ್ಕೆ

೨೦೦೪ನೇ ಇಸವಿ ಫೆಬ್ರವರಿ ೧೫, ಭಾನುವಾರ, ಮಧ್ಯಾಹ್ನ ಎರಡೂ ಹತ್ತು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಆ ಮನೆಯಲ್ಲಿ ಕೊನೆಯ ಪಂಕ್ತಿಯೂ ಎದ್ದಿತ್ತು. ಪುನೀತ್ ವಿಮಾನ ಅಪಘಾತದಲ್ಲಿ ಸತ್ತು ಅಂದಿಗೆ ಹನ್ನೊಂದನೆಯ ದಿನ. ಶಿವಗಣಾರಾಧನೆಗೆ ಬಂದ ನೆಂಟರು ಒಬ್ಬೊಬ್ಬರಾಗಿ ಹೊರಟುಹೋಗಿದ್ದರು. ಹಜಾರದಲ್ಲಿ ಪುನೀತನ ತಂದೆ ರಾಮಚಂದ್ರಪ್ಪ, ಅವನು ಕೆಲಸಕ್ಕಿದ್ದ ಬಾಡಿಗೆ ಜೆಟ್ ಕಂಪನಿಯ ಮುಖ್ಯ ಪೈಲಟ್ ಯೋಗರಾಜ್, ಮತ್ತು ಯೋಗರಾಜರನ್ನು ಶಿವಮೊಗ್ಗದಿಂದ ತನ್ನ ಕಾರಿನಲ್ಲಿ ಕರೆತಂದಿದ್ದ ಹಾಲೇಶ್ ಮಾತ್ರ ಉಳಿದಿದ್ದರು.

ಹಾಲೇಶನೂ ಅದೇ ಕಂಪನಿಯ ಕಿರಿಯ ಪೈಲಟ್. ಬುಧವಾರ ಅವನಿಗೆ, ಪುನೀತ್ ಸತ್ತ ವಿಮಾನದ ಮಾದರಿಯದೇ ಇನ್ನೊಂದು ಹೊಸ ಜೆಟ್ಟಿನಲ್ಲಿ, ಮೊದಲ ಹಾರಾಟ. ಎರಡು ವರ್ಷ ಕಾದು ಸಿಕ್ಕ ಅವಕಾಶ. ಕೊಟ್ಟವರು ಯೋಗರಾಜ್.

ಗೋಡೆಯ ಮೇಲಿದ್ದ, ವಿಭೂತಿ ಹಚ್ಚಿದ ಪುನೀತನ ಫೋಟೋವನ್ನು ಹಾಲೇಶನೇ ತೆಗೆದಿದ್ದ. ಕಾಕ್‌ಪಿಟ್ಟಿನ ಬಲ ಸೀಟಿನಲ್ಲಿ ಪುನೀತ್ ನಗುತ್ತಿದ್ದಾನೆ. ಎರಡು ಸೀಟಿನ ನಡುವಿನ ಥ್ರಾಟಲ್ ಹಿಡಿಗಳ ಮೇಲೆ ಅವನ ಎಡಗೈ ಇದೆ. ಎಂಜಿನ್ನಿನ ಬಲವನ್ನು ಏರಿಸಿ ಇಳಿಸುವ ಆ ಹಿಡಿಗಳನ್ನು ಬಲ ಸೀಟಿನವನು ಎಡಗೈಯಲ್ಲಿ, ಎಡ ಸೀಟಿನ ಕ್ಯಾಪ್ಟನ್ ಬಲಗೈಯಲ್ಲಿ ಹಿಡಿಯುತ್ತಾರೆ. ಇಳಿಸುವಾಗ ಒಬ್ಬರ ಕೈ ಮಾತ್ರ ಅಲ್ಲಿರುತ್ತದೆ.

ಯೋಗರಾಜರ ಬಲಗೈಗೆ ಬೆರಳ ತುದಿಯವರೆಗೆ ಪ್ಲಾಸ್ಟರ್ ಹಾಕಿತ್ತು.

"ಕಿರಿಯ ಪೈಲಟ್ಟಿನ ತಪ್ಪು ಅಂತ ಪೇಪರಿನೋರು ಬರೆದ್ರು," ಎಂದರು ರಾಮಚಂದ್ರಪ್ಪ. "ಅವತ್ತಿಂದ ಅವನ ತಾಯಿ ಹೊಸಿಲು ದಾಟಿಲ್ಲ. ವಿಮಾನದಲ್ಲಿ ಇದ್ದೋರು ನೀವಿಬ್ರೇ, ಸಾಹೇಬ್ರೆ. ನಿಮ್ಮ ಬಾಯಿಂದ ಕೇಳ್ಬೇಕು ನಾನು."

ಅಡುಗೆಮನೆಯ ಬಾಗಿಲಲ್ಲಿ ಪುನೀತನ ತಾಯಿ ಲಿಂಗಮ್ಮ ಬಂದು ನಿಂತಳು.

"ಇಳಿಸ್ತಿದ್ದೋನು ಪುನೀತನೇ ಯಜಮಾನ್ರೆ. ನನ್ನ ಎರಡೂ ಕೈ ತೊಡೆ ಮೇಲಿದ್ವು. ನಾನು ಕೈ ಹಾಕೋದ್ರೊಳಗೆ ನೆಲ ಬಂದ್ಬಿಡ್ತು," ಎಂದರು ಯೋಗರಾಜ್.

ರಾಮಚಂದ್ರಪ್ಪ ಚಾಪೆಯ ಮೇಲೆ ಮುಂದಕ್ಕೆ ಸರಿದು ಕುಳಿತರು. "ಹಳೇ ವಿಮಾನಾನ ಹೂವಿನ ಹಾಗೆ ಇಳಿಸ್ತಾನೆ ಅಂತ ನೀವೇ ಫೋನಲ್ಲಿ ಹೇಳಿದ್ರಿ. ಹೊಸದ್ರಲ್ಲಿ ಅಂಥದ್ದೇನು ಬೇರೆ?"

ಇದು ಉತ್ತರವಿದ್ದ ಪ್ರಶ್ನೆ. ಯೋಗರಾಜರ ಬೆನ್ನು ನೆಟ್ಟಗಾಯಿತು. ಎಡಗೈಯನ್ನು ಅಂಗೈ ಕೆಳಗಾಗಿ ಗಾಳಿಯಲ್ಲಿ ಚಾಚಿದರು. ಪೈಲಟ್ಟುಗಳೆಲ್ಲ ವಿಮಾನದ ಮಾತು ಬಂದರೆ ಹೀಗೆಯೇ. "ಹಳೇದಕ್ಕೆ ನೇರ ರೆಕ್ಕೆ. ಅಜ್ಜಿ ಅಂತಿದ್ವಿ ನಾವು."

"ತಪ್ಪು ಮಾಡಿದ್ರೂ ಬೈತಿರಲಿಲ್ಲ," ಎಂದ ಹಾಲೇಶ್.

"ಹೂಂ. ಐವತ್ತು ಅಡಿ ಎತ್ತರದಲ್ಲೇ ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆದ್ಬಿಟ್ರೂ ತೇಲ್ಕೊಂಡು ಹೋಗಿ ಕೂರ್ತಿದ್ಲು." ಕೈ ಮೆಲ್ಲಗೆ ಚಾಪೆಯ ಕಡೆಗೆ ಜಾರಿತು. "ಹೊಸದಕ್ಕೆ ಹಿಂದಕ್ಕೆ ವಾಲಿದ ಓರೆ ರೆಕ್ಕೆ, ವೇಗಕ್ಕೆ ಮಾಡಿದ್ದು. ನಿಧಾನ ಆದ್ರೆ ಕಲ್ಲು. ನೆಲ ಮುಟ್ಟೋ ತನಕ ಎಂಜಿನ್ ಬಲ ಬಿಡ್ಬಾರ್ದು. ಹಳೇ ಚಾಳೀಲಿ ಐವತ್ತಡೀಲಿ ಎಳೆದ್ರೋ..." ಕೈ ತೊಡೆಯ ಮೇಲೆ ದೊಪ್ಪನೆ ಬಿತ್ತು.

ಲಿಂಗಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಇಬ್ಬರು ಪೈಲಟ್ಟುಗಳೂ ಅದನ್ನು ನೋಡಲಿಲ್ಲ. ಬುಧವಾರದ ಹಾರಾಟ ಹಾಲೇಶನ ತಲೆಯಲ್ಲಿತ್ತು.

"ತಿರುವಿನಲ್ಲಿ ಹೇಗೆ ಸಾರ್?"

"ಬೆಣ್ಣೆ, ಮಾರಾಯ. ಅಜ್ಜೀನ ತಿರುಗಿಸಿ ತಿರುಗಿಸಿ ಭುಜ ನೋಯ್ತಿತ್ತಲ್ಲ, ಇದಕ್ಕೆ ಎರಡು ಬೆರಳು ಸಾಕು. ಜಾಸ್ತಿ ಆಡಿಸಿದ್ರೇ ಕಷ್ಟ."

"ಥ್ರಾಟಲ್ಲು?"

"ಅದೊಂದು ಬಿಗಿ. ಅಜ್ಜೀದು ಹೇಳಿದ ಹಾಗೆ ಕೇಳ್ತಿತ್ತು. ಇದನ್ನ ಎಳೆದು, ಹಿಡಿದೇ ಇರ್ಬೇಕು." ಪ್ಲಾಸ್ಟರಿನ ಕೈ ಇಲ್ಲದ ಹಿಡಿಯೊಂದನ್ನು ಹಿಂದಕ್ಕೆ ಎಳೆಯಿತು. "ನೆಲಕ್ಕೆ ಬಡಿದಾಗ ಎಂಥಾ ಒದೆ ಕೊಡ್ತು ಅಂತೀಯ, ಹೆಬ್ಬೆರಳು ಬುಡದಿಂದಲೇ..."

ಮಾತು ನಿಂತಿತು. ಪ್ಲಾಸ್ಟರಿನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಅದನ್ನು ಎಲ್ಲಿಡುವುದೆಂದು ಯೋಗರಾಜರಿಗೆ ತಿಳಿಯಲಿಲ್ಲ.

ರಾಮಚಂದ್ರಪ್ಪ ಪ್ಲಾಸ್ಟರನ್ನು ನೋಡಿದರು, ಫೋಟೋದಲ್ಲಿನ ಎಡಗೈಯನ್ನು ನೋಡಿದರು, ಮತ್ತೆ ಪ್ಲಾಸ್ಟರನ್ನು ನೋಡಿದರು.

"ಹೊರಡೋಣ ಹಾಲೇಶ," ಎಂದರು ಯೋಗರಾಜ್, ಏಳುತ್ತಾ. "ಲೇಟಾಯ್ತು. ಬುಧವಾರದ್ದು ದಾರೀಲಿ ಮಾತಾಡೋಣ."

ಕಾರಿನ ಕೀ ಹಾಲೇಶನ ಜೇಬಿನಲ್ಲಿತ್ತು. ಅವನು ಏಳಲಿಲ್ಲ. ಪುನೀತ್ ಮೊದಲ ಸಂಬಳದಲ್ಲಿ ತಂದ ಫ್ಯಾನು ತಲೆಯ ಮೇಲೆ ತಿರುಗುತ್ತಿತ್ತು. ಬುಧವಾರ ಬರುತ್ತದೆ, ಹೋಗುತ್ತದೆ. ಇನ್ನೊಂದು ಸೀಟು ಎಂದಾದರೂ ಸಿಗುತ್ತದೋ ಇಲ್ಲವೋ.

"ಕೈ ತೊಡೆ ಮೇಲಿದ್ವು ಅಂದ್ರಲ್ಲ ಸಾರ್," ಎಂದ. ಅವನ ದನಿ ಅವನಿಗೇ ಚಿಕ್ಕದಾಗಿ ಕೇಳಿಸಿತು. "ತೊಡೆ ಮೇಲಿದ್ದ ಕೈಗೆ ಥ್ರಾಟಲ್ ಹೇಗೆ ಒದೀತು?"

ಯೋಗರಾಜ್ ಚಪ್ಪಲಿ ಹಾಕಿಕೊಂಡು ಕಾರಿನ ಹತ್ತಿರ ಹೋಗಿ, ಬೀಗ ಹಾಕಿದ್ದ ಅದರ ಬಾಗಿಲ ಪಕ್ಕ ಬಿಸಿಲಲ್ಲಿ ನಿಂತರು.

"ಏನಂದ್ರು ಅವ್ರು? ನಂಗೆ ಅರ್ಥ ಆಗ್ಲಿಲ್ಲ," ಎಂದಳು ಲಿಂಗಮ್ಮ.

"ನಿನ್ನ ಮಗ ಅಲ್ಲ ಕಣೇ, ಇಳಿಸಿದ್ದು," ಎಂದರು ರಾಮಚಂದ್ರಪ್ಪ. ಆಮೇಲೆ ಹಾಲೇಶನ ಕಡೆ ತಿರುಗಿ, "ಐವತ್ತಡಿ ಅಂದ್ರೆ ಎಷ್ಟು ಎತ್ತರಪ್ಪ?" ಎಂದು ಕೇಳಿದರು.

ಹಾಲೇಶ್ ಎದ್ದು ಬಾಗಿಲಿಗೆ ಬಂದು, ಕ್ವಾರ್ಟರ್ಸಿನ ಸಾಲಿನಾಚೆಗಿನ ನೀರಿನ ಟ್ಯಾಂಕನ್ನು ತೋರಿಸಿದ. "ಅಷ್ಟೇ, ಅಪ್ಪಾಜಿ."

ಲಿಂಗಮ್ಮ ಹೊಸಿಲು ದಾಟಿ ಅಂಗಳಕ್ಕೆ ಬಂದಳು. ಕಣ್ಣಿಗೆ ಕೈ ಅಡ್ಡ ಹಿಡಿದು ಟ್ಯಾಂಕಿನ ತುದಿಯಿಂದ ಬುಡದವರೆಗೆ ನೋಡಿದಳು. ಬುಡದ ನಲ್ಲಿಯ ಹತ್ತಿರ ಯಾರೋ ಇಬ್ಬರು ಕೊಡ ತುಂಬಿಸುತ್ತಿದ್ದರು. ಟ್ಯಾಂಕಿನ ಕಂಬದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿತ್ತು: ಎತ್ತರ ೧೫.೨ ಮೀಟರ್ (೫೦ ಅಡಿ).